ಒಬ್ಬರು ಹೋಗೋಣ, ಎಲ್ಲರೂ ಹಂಚಿಕೊಳ್ಳೋಣ

2021ರ ಮೇ ತಿಂಗಳು. ಕೋವಿಡ್ ಎರಡನೇ ಅಲೆ ಜೋರಾಗಿತ್ತು. ತಾಲ್ಲೂಕು ಆಸ್ಪತ್ರೆಯ ಗೇಟಿನ ಎದುರು, ಬೇವಿನ ಮರದಡಿ, ನಾವು ಆರು ಮಂದಿ ವರದಿಗಾರರು ದೂರ ದೂರ ನಿಂತಿದ್ದೆವು. ಬೇರೆ ಬೇರೆ ಪತ್ರಿಕೆ, ಬೇರೆ ಬೇರೆ ಚಾನೆಲ್‌ನವರು. ಮಾಮೂಲು ದಿನಗಳಲ್ಲಿ ನಾನು ಮೊದಲು, ತಾನು ಮೊದಲು ಎಂದು ಸುದ್ದಿ ಕಳಿಸಲು ಓಡುವವರು. ಅವತ್ತು ಮಾತ್ರ ಒಂದು ತೀರ್ಮಾನಕ್ಕೆ ಬಂದೆವು. ಒಳಗೆ ಒಬ್ಬರೇ ಹೋಗುವುದು. ಫೋಟೊ, ವಿಡಿಯೊ, ಡಾಕ್ಟರ ಮಾತು ಎಲ್ಲವನ್ನೂ ವಾಟ್ಸಾಪ್ ಗುಂಪಿಗೆ ಹಾಕುವುದು. ಎಲ್ಲರೂ ಬಳಸಿಕೊಳ್ಳುವುದು. ನಾಳೆ ಮತ್ತೊಬ್ಬರ ಸರದಿ.

ಇದು ನಮ್ಮದೇ ಉಪಾಯ ಅಂದುಕೊಂಡಿದ್ದೆವು. ಆಮೇಲೆ ಓದುವಾಗ ಗೊತ್ತಾಯಿತು, ಸುಮಾರು ಮೂವತ್ತು ವರ್ಷ ಹಿಂದೆಯೇ, ಗುಂಡು ಹಾರುತ್ತಿದ್ದ ಒಂದು ಊರಿನಲ್ಲಿ ಪತ್ರಕರ್ತರು ಇದನ್ನೇ ಮಾಡಿದ್ದರು. ಆ ಕಥೆ ನಿಮಗೂ ಹೇಳಬೇಕು ಅನ್ನಿಸಿತು.

ಆ ಊರು ಸರಾಯೆವೊ. ಮೊದಲ ಮಹಾಯುದ್ಧದ ಪಾಠದಲ್ಲಿ ಈ ಹೆಸರು ಓದಿರುತ್ತೀರಿ. 1914ರಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾದದ್ದು ಅಲ್ಲೇ. ಯುಗೊಸ್ಲಾವಿಯಾ ದೇಶ ಒಡೆದು ಸ್ವತಂತ್ರವಾದ ಬೋಸ್ನಿಯಾಕ್ಕೂ ಇದೇ ರಾಜಧಾನಿ. ಊರು ಇರುವುದು ಕಣಿವೆಯಲ್ಲಿ. 1992ರ ಏಪ್ರಿಲ್‌ನಲ್ಲಿ ಸುತ್ತಲಿನ ಗುಡ್ಡಗಳ ಮೇಲೆ ಸರ್ಬ್ ಪಡೆಗಳು ಫಿರಂಗಿ ಹೂಡಿ ಊರಿಗೆ ಮುತ್ತಿಗೆ ಹಾಕಿದವು. ಆ ಮುತ್ತಿಗೆ ಮುಗಿದದ್ದು 1996ರ ಫೆಬ್ರುವರಿಯಲ್ಲಿ. ನೀರಿಲ್ಲ, ಕರೆಂಟಿಲ್ಲ. ಬೀದಿ ದಾಟಿದರೆ ಎಲ್ಲಿಂದಲೋ ಗುಂಡು.

ಆ ಊರಿನ ದಿನಪತ್ರಿಕೆ 'ಒಸ್ಲೊಬೊಜೇನ್ಯೆ'. ವಿಮೋಚನೆ ಎಂದು ಅರ್ಥ. 1943ರಲ್ಲಿ, ನಾಜಿಗಳ ವಿರುದ್ಧದ ಹೋರಾಟದ ನಡುವೆ ಹುಟ್ಟಿದ ಪತ್ರಿಕೆ. ಅದರ ಎತ್ತರದ ಕಟ್ಟಡ ಯುದ್ಧದ ಗಡಿಗೆ ಹತ್ತಿರವಿತ್ತು. 1992ರ ಜೂನ್‌ನಲ್ಲಿ ದಾಳಿಗೆ ಸಿಕ್ಕಿ ಸುಟ್ಟುಹೋಯಿತು. ಆದರೆ ಕಟ್ಟಡದ ಕೆಳಗೆ, ಅಣುಬಾಂಬಿನ ಭಯದ ಕಾಲದಲ್ಲಿ ಕಟ್ಟಿದ ನೆಲಮಾಳಿಗೆ ಇತ್ತು. ಸಿಬ್ಬಂದಿ ಅದರೊಳಗೆ ಇಳಿದರು. ದಿನಾ ಓಡಾಡುವುದೇ ಅಪಾಯ, ಆದ್ದರಿಂದ ಪಾಳಿ ಹಾಕಿಕೊಂಡು ದಿನಗಟ್ಟಲೆ ಅಲ್ಲೇ ಉಳಿದು, ಅಲ್ಲೇ ಮಲಗಿ ಪತ್ರಿಕೆ ತಂದರು. ಕಾಗದ ಸಿಗದೆ ಪುಟಗಳು ಕಡಿಮೆಯಾದವು, ಪ್ರತಿಗಳೂ ಕಡಿಮೆಯಾದವು. ಪತ್ರಿಕೆ ಮಾತ್ರ ನಿಲ್ಲಲಿಲ್ಲ. ಹಂಚುವವರಿಲ್ಲದಾಗ ಬರೆದವರೇ ಬೀದಿಯಲ್ಲಿ ನಿಂತು ಮಾರಿದರು.

ಇನ್ನೊಂದು ಮಾತು ಇಲ್ಲಿ ಮುಖ್ಯ. ಹೊರಗೆ ಸರ್ಬ್, ಕ್ರೊವಾಟ್, ಮುಸ್ಲಿಂ ಎಂದು ಜನ ಹೊಡೆದಾಡುವಾಗ ಈ ಪತ್ರಿಕೆಯೊಳಗೆ ಮೂವರೂ ಒಟ್ಟಿಗೆ ಕೂತು ಕೆಲಸ ಮಾಡಿದರು. ಸಂಪಾದಕ ಕೆಮಾಲ್ ಕುರ್ಸ್ಪಾಹಿಚ್ ಮುಸ್ಲಿಂ ಮನೆತನದವರು. ಅವರ ಜೊತೆ ಪತ್ರಿಕೆ ನಡೆಸಿದ ಉಪ ಸಂಪಾದಕಿ ಗೋರ್ದಾನಾ ಕ್ನೆಜೆವಿಚ್ ಸರ್ಬ್ ಮನೆತನದವರು. 1993ರಲ್ಲಿ ಯುರೋಪಿನ ಸಂಸತ್ತು ಈ ಪತ್ರಿಕೆಗೆ ಸಖಾರೊವ್ ಪ್ರಶಸ್ತಿ ಕೊಟ್ಟಿತು.

ಅದೇ ಊರಿಗೆ ಹೊರದೇಶದ ಟಿವಿ ತಂಡಗಳೂ ಬಂದಿದ್ದವು. ಶೆಲ್ ಬಿದ್ದ ಕಡೆಗೆ ಪ್ರತಿ ತಂಡವೂ ತಾನೇ ಓಡುತ್ತಿತ್ತು. 1992ರ ಆಗಸ್ಟ್‌ನಲ್ಲಿ ಅಮೆರಿಕದ ಎಬಿಸಿ ಟಿವಿಯ ಡೇವಿಡ್ ಕಪ್ಲಾನ್ ವಾಹನದಲ್ಲಿ ಕೂತಿದ್ದಾಗಲೇ ಗುಂಡು ತಗುಲಿ ಸತ್ತರು. ಅದೇ ತಿಂಗಳು ಬಿಬಿಸಿಯ ಮಾರ್ಟಿನ್ ಬೆಲ್ ಗಾಯಗೊಂಡರು. ಇಂಥ ಸಾವುನೋವಿನ ನಡುವೆ ಟಿವಿಯವರು, ಸುದ್ದಿ ಏಜೆನ್ಸಿಯವರು ಸೇರಿ 'ಸರಾಯೆವೊ ಏಜೆನ್ಸಿ ಪೂಲ್' ಎಂಬ ಏರ್ಪಾಡು ಮಾಡಿಕೊಂಡರು. ಹತ್ತು ಕ್ಯಾಮೆರಾ ಓಡುವ ಬದಲು ಒಂದು ಹೋಗಲಿ, ತಂದ ಚಿತ್ರ ಎಲ್ಲರದೂ ಆಗಲಿ. ಪೈಪೋಟಿ ಬಿಟ್ಟರು, ಜೀವ ಉಳಿಸಿಕೊಂಡರು. ಬೇವಿನ ಮರದಡಿ ನಾವು ಮಾಡಿದ್ದೂ ಇದೇ.

ಆದರೆ ಹೊರಗಿನಿಂದ ಬಂದವರ ಬಳಿ ಗುಂಡು ನಿರೋಧಕ ಅಂಗಿ, ಉಕ್ಕಿನ ಹೊದಿಕೆಯ ಗಾಡಿ ಇತ್ತು. ಸ್ಥಳೀಯ ವರದಿಗಾರನಿಗೆ ಏನಿತ್ತು? ಒಸ್ಲೊಬೊಜೇನ್ಯೆಗೆ ಜ್ವೋರ್ನಿಕ್ ಎಂಬ ಸಣ್ಣ ಊರಿನಿಂದ ಸುದ್ದಿ ಕಳಿಸುತ್ತಿದ್ದವರು ಕ್ಯಾಶಿಫ್ ಸ್ಮಾಯ್ಲೊವಿಚ್. 1992ರ ಏಪ್ರಿಲ್‌ನಲ್ಲಿ ಸಶಸ್ತ್ರ ಪಡೆಗಳು ಆ ಊರಿಗೆ ನುಗ್ಗಿದಾಗ ಅವರು ಊರು ಬಿಡಲಿಲ್ಲ. ಅವರನ್ನು ಕೊಂದುಹಾಕಿದರು. ಸರಾಯೆವೊಕ್ಕೆ ಜಗತ್ತಿನ ಕ್ಯಾಮೆರಾಗಳು ಬಂದವು. ಜ್ವೋರ್ನಿಕ್‌ನಲ್ಲಿ ಇದ್ದದ್ದು ಅವರಂಥ ಸ್ಥಳೀಯರು.

ಯಾವ ಸಂಸ್ಥೆಗೂ ಪೂರ್ತಿ ಸೇರದ ವರದಿಗಾರರಿಗೆ ಯಾರು ದಿಕ್ಕು? 1993ರ ಅಕ್ಟೋಬರ್‌ನಲ್ಲಿ ಮಾಸ್ಕೊದಲ್ಲಿ ರೋರಿ ಪೆಕ್ ಎಂಬ ಕ್ಯಾಮೆರಾಮನ್ ಗುಂಡಿಗೆ ಬಲಿಯಾದರು. ಅವರೂ ಕಾಯಂ ನೌಕರರಲ್ಲ. 1995ರಲ್ಲಿ ಮನೆಯವರು, ಗೆಳೆಯರು ಸೇರಿ ಅವರ ಹೆಸರಿನಲ್ಲಿ ಟ್ರಸ್ಟ್ ಕಟ್ಟಿದರು. ಸ್ವತಂತ್ರವಾಗಿ ದುಡಿಯುವ ಪತ್ರಕರ್ತರಿಗೆ, ಅವರ ಮನೆಯವರಿಗೆ ನೆರವಾಗುವುದು ಅದರ ಕೆಲಸ. ಕೋವಿಡ್ ಬಂದಾಗ ಕೆಲಸ ಕಳೆದುಕೊಂಡವರಿಗೂ ಅದು ಸಹಾಯಧನ ಕೊಟ್ಟಿತು.

ರೋಗ, ಯುದ್ಧ ಎರಡೂ ಒಟ್ಟಿಗೆ ಬಂದರೆ? 2020ರ ಸೆಪ್ಟೆಂಬರ್ 27ರಂದು ನಗೊರ್ನೊ ಕರಾಬಾಖ್ ಪ್ರದೇಶಕ್ಕಾಗಿ ಆರ್ಮೇನಿಯಾ, ಅಜರ್‌ಬೈಜಾನ್ ನಡುವೆ ಯುದ್ಧ ಶುರುವಾಯಿತು. ಬಾಂಬಿನಿಂದ ಉಳಿಯಲು ಜನ ನೆಲಮಾಳಿಗೆಗಳಲ್ಲಿ ಒತ್ತೊತ್ತಾಗಿ ಕೂರಬೇಕಾಯಿತು. ಅಲ್ಲಿ ಕೊರೊನಾ ಹರಡಿತು. ಬಾಂಬು ಹತ್ತಿರ ಕೂರಿ ಅನ್ನುತ್ತದೆ, ರೋಗ ದೂರ ಇರಿ ಅನ್ನುತ್ತದೆ. ಸುದ್ದಿಗೆ ಹೋದವರು ಇವೆರಡರ ನಡುವೆ ಸಿಕ್ಕಿಕೊಂಡರು. ಅಕ್ಟೋಬರ್ 1ರಂದು ಮಾರ್ತುನಿ ಪಟ್ಟಣದಲ್ಲಿ ಶೆಲ್ ಬಿದ್ದು ಫ್ರಾನ್ಸಿನ 'ಲೆ ಮಾಂಡ್' ಪತ್ರಿಕೆಯ ಇಬ್ಬರು ತೀವ್ರ ಗಾಯಗೊಂಡರು.

ನಮ್ಮಲ್ಲಿ ಬಾಂಬು ಬೀಳಲಿಲ್ಲ. ರೋಗ ಮಾತ್ರ ಬಂತು. 2020ರ ಏಪ್ರಿಲ್‌ನಲ್ಲಿ ಮುಂಬೈಯಲ್ಲಿ 171 ಪತ್ರಕರ್ತರನ್ನು ಪರೀಕ್ಷೆ ಮಾಡಿದಾಗ 53 ಮಂದಿಗೆ ಸೋಂಕು ಕಂಡಿತು. 2021ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಪತ್ರಕರ್ತರನ್ನೂ ಮುಂಚೂಣಿ ಕಾರ್ಯಕರ್ತರೆಂದು ಘೋಷಿಸಿತು. ಸಂತೋಷಪಟ್ಟೆವು. ಆದರೆ ಲಸಿಕೆಯ ಪಟ್ಟಿ ಮಾಡುವಾಗ ಆಫೀಸಿನ ಪತ್ರ ಕೇಳಿದರು. ಸುದ್ದಿಗಿಷ್ಟು ಎಂದು ದುಡ್ಡು ಪಡೆಯುವ ನಮ್ಮಲ್ಲಿ ಹಲವರ ಬಳಿ ಪತ್ರವೇ ಇರಲಿಲ್ಲ.

ಪಕ್ಕದ ತಾಲ್ಲೂಕಿನ ಹಿರಿಯರೊಬ್ಬರು ಆ ತಿಂಗಳೇ ತೀರಿಕೊಂಡರು. ಇಪ್ಪತ್ತು ವರ್ಷ ಬರೆದಿದ್ದರು. ನೌಕರರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಆದ್ದರಿಂದ ಮನೆಯವರಿಗೆ ಏನೂ ಬರಲಿಲ್ಲ. ನಾವೇ ಐನೂರು, ಸಾವಿರ ಎಂದು ಕೂಡಿಸಿ ಅವರ ಪತ್ನಿಯ ಕೈಗೆ ಕೊಟ್ಟು ಬಂದೆವು. ಅಕ್ಕ ಕೇಳಿದ್ದು ಒಂದೇ ಮಾತು: "ಇಷ್ಟು ವರ್ಷ ಯಾರ ಹತ್ರ ಕೆಲಸ ಮಾಡಿದ್ರಪ್ಪಾ ಇವ್ರು?" ನಮ್ಮ ಬಳಿ ಉತ್ತರ ಇರಲಿಲ್ಲ.

ಸರಾಯೆವೊ ಕಲಿಸುವುದರಲ್ಲಿ ಅರ್ಧ ನಮ್ಮ ಕೈಯಲ್ಲೇ ಇದೆ. ಅಪಾಯ ಇದ್ದಲ್ಲಿ ಒಬ್ಬರು ಹೋಗುವುದು, ಹೋದವರು ವಾಪಸ್ ಬರುವವರೆಗೆ ಉಳಿದವರು ಫೋನ್ ಹತ್ತಿರ ಇಟ್ಟುಕೊಳ್ಳುವುದು, ತಂದದ್ದನ್ನು ಹಂಚಿಕೊಳ್ಳುವುದು. ಉಳಿದರ್ಧ, ಅಂದರೆ ಒಂದು ಪತ್ರ, ಒಂದು ವಿಮೆ, ನಮ್ಮನ್ನು ದುಡಿಸಿಕೊಳ್ಳುವವರ ಕೈಯಲ್ಲಿದೆ. ಅದನ್ನು ಒಬ್ಬೊಬ್ಬರೇ ಕೇಳಿದರೆ ನಾಳೆಯಿಂದ ಸುದ್ದಿ ಕಳಿಸಬೇಡಿ ಅನ್ನುತ್ತಾರೆ. ಅದಕ್ಕೇ ಒಟ್ಟಿಗೆ ಕೇಳಬೇಕು.

ಆ ವಾಟ್ಸಾಪ್ ಗುಂಪನ್ನು ನಾವು ಇನ್ನೂ ಅಳಿಸಿಲ್ಲ. ಈಗ ಹೊಳೆ ತುಂಬಿದಾಗ, ಊರಲ್ಲಿ ಗಲಾಟೆ ಎದ್ದಾಗ ಅದರಲ್ಲಿ ಮೊದಲು ಬರುವ ಮೆಸೇಜ್ ಸುದ್ದಿಯದಲ್ಲ. "ಯಾರು ಹೋಗಿದ್ದೀರಿ? ಸೇಫಾ?" ಎಂಬುದು.