ಸುತ್ತಿಗೆ ಬೀಳುವ ಮೊದಲೇ ಮುಳುಗಿದ ಸರಳು

ಎಲ್ಲೋ ಒಂದು ಸೇನಾ ನೆಲೆ ಬರುತ್ತೆ ಅಂದ ಕೂಡಲೇ ಟಿವಿ ಚರ್ಚೆಗಳಲ್ಲಿ ಏಳುವುದು ಒಂದೇ ಪ್ರಶ್ನೆ. ದೇಶದ ಭದ್ರತೆ ಮುಖ್ಯವೋ, ಮೀನು-ಮರ ಮುಖ್ಯವೋ? ನನ್ನ ಪ್ರಕಾರ ಈ ಪ್ರಶ್ನೆಯೇ ತಪ್ಪು. ಯಾಕೆ ಅಂತ ಗೊತ್ತಾಗಬೇಕಾದರೆ ಜಪಾನಿನ ಒಕಿನಾವಾ ದ್ವೀಪದ ಕಥೆ ಕೇಳಿ.

1945ರ ಯುದ್ಧದಲ್ಲಿ ಅಮೆರಿಕ ಈ ದ್ವೀಪವನ್ನು ಗೆದ್ದಿತು. 1972ರಲ್ಲಿ ಆಡಳಿತವನ್ನು ಜಪಾನಿಗೆ ಮರಳಿಸಿತು, ಆದರೆ ಸೇನೆ ಅಲ್ಲೇ ಉಳಿಯಿತು. ಒಕಿನಾವಾ ಇರುವುದು ಜಪಾನಿನ ಭೂಭಾಗದ ಕೇವಲ 0.6 ಪ್ರತಿಶತ. ಅಮೆರಿಕ ಸೇನೆ ಮಾತ್ರ ಬಳಸುವ ಜಾಗದಲ್ಲಿ ಸುಮಾರು 70 ಪ್ರತಿಶತ ಇರುವುದು ಇಲ್ಲೇ! ಫುಟೆನ್ಮಾ ವಾಯುನೆಲೆಯಂತೂ ಗಿನೊವಾನ್ ನಗರದ ನಟ್ಟನಡುವೆ, ಮನೆ-ಶಾಲೆಗಳ ಪಕ್ಕದಲ್ಲೇ ಇದೆ.

1995ರಲ್ಲಿ ಮೂವರು ಅಮೆರಿಕನ್ ಯೋಧರು ಶಾಲಾ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ಎಸಗಿದರು. ದ್ವೀಪ ಬೀದಿಗಿಳಿಯಿತು. 1996ರಲ್ಲಿ ಎರಡೂ ಸರ್ಕಾರಗಳು ಮಾತು ಕೊಟ್ಟವು: ಐದರಿಂದ ಏಳು ವರ್ಷದಲ್ಲಿ ಫುಟೆನ್ಮಾ ವಾಪಸ್. ಆದರೆ ಒಂದು ಷರತ್ತು, ಬದಲಿ ನೆಲೆಯೂ ಒಕಿನಾವಾದಲ್ಲೇ ಆಗಬೇಕು. ಕೊನೆಗೆ ಆರಿಸಿದ ಜಾಗ ಹೆನೊಕೊ, ಅದರ ಪಕ್ಕದ ಔರಾ ಕೊಲ್ಲಿ. ಸುಮಾರು 150 ಹೆಕ್ಟೇರ್ ಸಮುದ್ರಕ್ಕೆ ಮಣ್ಣು ಸುರಿದು ರನ್‌ವೇ ಕಟ್ಟುವ ಯೋಜನೆ.

ಆ ಕೊಲ್ಲಿಯಲ್ಲಿ ನೀಲಿ ಹವಳದ ದಿಬ್ಬಗಳಿವೆ. ಜಪಾನ್ ತಾನೇ ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದ ಡುಗಾಂಗ್, ಅಂದರೆ ಕಡಲಹಸು, ಮೇಯುವ ಹುಲ್ಲು ಅಲ್ಲಿದೆ. ಜನ ವಿರೋಧಿಸಿದರು. ಹಿರಿಯರು ವರ್ಷಗಟ್ಟಲೆ ದಂಡೆಯಲ್ಲಿ ಧರಣಿ ಕೂತರು. 2003ರಲ್ಲಿ ಕಡಲಹಸುವಿನ ಹೆಸರಿನಲ್ಲೇ ಅಮೆರಿಕದ ನ್ಯಾಯಾಲಯಕ್ಕೆ ಹೋದರು. ಸರ್ಕಾರದ ಉತ್ತರ ಮಾತ್ರ ಒಂದೇ: ಬೇರೆ ದಾರಿ ಇಲ್ಲ, ಚೀನಾ ಹತ್ತಿರದಲ್ಲಿದೆ. ಆ ವಾದದಲ್ಲೂ ತೂಕವಿದೆ, ನಾನು ಅಲ್ಲಗಳೆಯಲ್ಲ.

ಈಗ ನನ್ನೊಳಗಿನ ಎಂಜಿನಿಯರ್ ಮಾತಾಡ್ತಾನೆ. ಮಣ್ಣಿನ ಬಲ ಅಳೆಯೋಕೆ ಒಂದು ಸರಳ ಪರೀಕ್ಷೆ ಇದೆ. 63.5 ಕಿಲೋ ತೂಕದ ಸುತ್ತಿಗೆಯನ್ನು ಸುಮಾರು 76 ಸೆಂಟಿಮೀಟರ್ ಎತ್ತರದಿಂದ ಬೀಳಿಸಬೇಕು. ಕೊಳವೆ 30 ಸೆಂಟಿಮೀಟರ್ ಇಳಿಯೋಕೆ ಎಷ್ಟು ಪೆಟ್ಟು ಬೇಕಾಯ್ತು ಅಂತ ಎಣಿಸಬೇಕು. ಗಟ್ಟಿ ನೆಲವಾದರೆ ಐವತ್ತು ಪೆಟ್ಟು. ಔರಾ ಕೊಲ್ಲಿಯ ಕೆಲವು ಕಡೆ ಬಂದ ಸಂಖ್ಯೆ ಎಷ್ಟು ಗೊತ್ತಾ? ಸೊನ್ನೆ. ಸುತ್ತಿಗೆ ಬೀಳುವ ಮೊದಲೇ ಸರಳು ತನ್ನ ಭಾರಕ್ಕೇ ಮುಳುಗಿತು. ಅಲ್ಲಿನವರು ಅದಕ್ಕಿಟ್ಟ ಹೆಸರು ಮಯೋನೀಸ್ ಮಣ್ಣು.

ಈ ವರದಿ 2016ರಲ್ಲೇ ಸಿದ್ಧವಾಗಿತ್ತು. ಜನರಿಗೆ ಸಿಕ್ಕಿದ್ದು 2018ರಲ್ಲಿ, ಅದೂ ಮಾಹಿತಿ ಕೇಳಿ ಅರ್ಜಿ ಹಾಕಿದ ಮೇಲೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಆಳ ಕಡಿಮೆ ಇರುವ ಕಡೆಯಿಂದ ಮಣ್ಣು ಸುರಿಯಲು ಶುರುಮಾಡಿದರು. ನೆಲ ಮೆದು ಅಂತ ಸರ್ಕಾರ ಒಪ್ಪಿಕೊಂಡಿದ್ದು ಅದಾದ ಮೇಲೆ, 2019ರ ಜನವರಿಯಲ್ಲಿ! ಮರುತಿಂಗಳ ಜನಮತದಲ್ಲಿ ಮತ ಹಾಕಿದವರ ಪೈಕಿ ಸುಮಾರು 72 ಪ್ರತಿಶತ ಜನ ಬೇಡ ಅಂದರು. ಕೆಲಸ ನಿಲ್ಲಲಿಲ್ಲ.

ಮೆದು ಮಣ್ಣು ಸಮುದ್ರಮಟ್ಟದಿಂದ 90 ಮೀಟರ್ ಆಳದವರೆಗೂ ಇದೆ. ಅದನ್ನು ಗಟ್ಟಿ ಮಾಡೋಕೆ ಸುಮಾರು 71,000 ಕಂಬಗಳನ್ನು ಇಳಿಸಬೇಕು. ಖರ್ಚಿನ ಅಂದಾಜು 35,000 ಕೋಟಿ ಯೆನ್‌ನಿಂದ 93,000 ಕೋಟಿ ಯೆನ್‌ಗೆ ಏರಿತು. ಔರಾ ಕೊಲ್ಲಿಯ ಕಡೆ ಕೆಲಸ ಶುರುವಾಗಿದ್ದೇ 2024ರ ಜನವರಿಯಲ್ಲಿ. ಐದರಿಂದ ಏಳು ವರ್ಷ ಅಂದಿದ್ದು ಕಾಲು ಶತಮಾನ ದಾಟಿದೆ. ಗಿನೊವಾನ್‌ನ ಮನೆಗಳ ಮೇಲೆ ಸೇನಾ ವಿಮಾನಗಳ ಹಾರಾಟ ನಿಂತಿಲ್ಲ.

ಲೆಕ್ಕ ಹಾಕಿ ನೋಡಿ. ಕಡಲಿಗೂ ಪೆಟ್ಟು, ಭದ್ರತೆಯೂ ತಡ. ಕೊಲ್ಲಿಯ ತಳವನ್ನು ಮೊದಲೇ ಪ್ರಾಮಾಣಿಕವಾಗಿ ಪರೀಕ್ಷಿಸಿ ಜನರ ಮುಂದಿಟ್ಟಿದ್ದರೆ, ಸೇನೆಗೂ ಲಾಭವಾಗುತ್ತಿತ್ತು.

ನಮ್ಮ ಕಾರವಾರದಲ್ಲೂ 1986ರಲ್ಲಿ ಸೀಬರ್ಡ್‌ಗೆ ಅಡಿಗಲ್ಲು ಬಿತ್ತು. 2005ರಲ್ಲಿ ಐಎನ್ಎಸ್ ಕದಂಬ ಸೇವೆಗೆ ಬಂತು. ಅದು ದೇಶಕ್ಕೆ ಬೇಕಾದ ನೆಲೆ, ಹೆಮ್ಮೆಯ ನೆಲೆ. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ-ಗದ್ದೆ, ಮೀನು ಹಿಡಿಯುವ ದಂಡೆ ಬಿಟ್ಟುಕೊಟ್ಟವು. ಅಂಥವರು ನಾಳೆ ಕಡಲ ಬಗ್ಗೆ ಒಂದು ಪ್ರಶ್ನೆ ಕೇಳಿದರೆ ಅದು ದೇಶದ್ರೋಹವಲ್ಲ. ಅದೂ ಒಂದು ಮಣ್ಣಿನ ಪರೀಕ್ಷೆ. ವರದಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ನೆಲ ಗಟ್ಟಿಯಾಗಲ್ಲ.