ಹೊತ್ತವರ ಮಾತು: ಮೂರು ತೀರ್ಪುಗಳನ್ನು ಜೊತೆಯಲ್ಲಿಟ್ಟು ಓದಿದಾಗ

ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಮುಂದೆ ಹಾದುಹೋಗುವಾಗ ಮುಂಬೈ ಕನ್ನಡಿಗರಾದ ನಮಗೆ ಒಂದು ಹೆಸರು ನೆನಪಾಗದೆ ಇರದು. ಉತ್ತರ ಕನ್ನಡದ ಹಳದೀಪುರದಿಂದ ಈ ನಗರಕ್ಕೆ ಬಂದು ಅಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ, 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬನ ಕ್ರೌರ್ಯಕ್ಕೆ ತುತ್ತಾದರು. ಕೊರಳಿಗೆ ನಾಯಿಯ ಸರಪಳಿ ಬಿಗಿದುದರಿಂದ ಮಿದುಳಿಗೆ ಪ್ರಾಣವಾಯು ತಪ್ಪಿತು. ಅಂದಿನಿಂದ 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ ಅವರು ಆ ಆಸ್ಪತ್ರೆಯ ಹಾಸಿಗೆಯನ್ನು ಬಿಟ್ಟೇಳಲಿಲ್ಲ. ಇಂಥ ಬದುಕು ಬದುಕಲು ತಕ್ಕುದೇ ಎಂಬ ಪ್ರಶ್ನೆಯನ್ನು ಆ ಹಾಸಿಗೆಯ ಸುತ್ತ ನಾಲ್ಕು ದಶಕಗಳ ಕಾಲ ಜನ ಕೇಳುತ್ತ ಬಂದರು.

ಇದೇ ಪ್ರಶ್ನೆಯನ್ನು ಬಾಳಿನ ಇನ್ನೊಂದು ತುದಿಯಲ್ಲಿ, ಹುಟ್ಟಿಗೂ ಮುನ್ನ, ಗರ್ಭಪಾತದ ಚರ್ಚೆಯೂ ಕೇಳುತ್ತದೆ. ಹುಟ್ಟಲಿರುವ ಮಗುವಿಗೆ ಕಷ್ಟದ ಬಾಳು ಕಾದಿದೆ ಎಂದು ತಿಳಿದರೆ ಅದು ಹುಟ್ಟಬೇಕೇ ಬೇಡವೇ, ಅದನ್ನು ಹೇಳಬೇಕಾದವರು ಯಾರು? 2008ರಿಂದ 2011ರವರೆಗಿನ ಅಲ್ಪ ಅವಧಿಯಲ್ಲಿ ನಮ್ಮ ನ್ಯಾಯಾಲಯಗಳು ಈ ಪ್ರಶ್ನೆಯನ್ನು ಮೂರು ಸಲ ಎದುರಿಸಿದವು. ಆ ಮೂರನ್ನೂ ಬೇರೆಬೇರೆಯಾಗಿ ಓದುವುದು ವಾಡಿಕೆ. ಒಟ್ಟಿಗೆ ಓದಿದರೆ ಕಾಣುವುದೇನು ಎಂಬುದೇ ಇಲ್ಲಿ ನಮ್ಮ ವಿಚಾರ.

ಮೊದಲು ಕಾನೂನಿನ ಹಿನ್ನೆಲೆ. 1860ರ ಭಾರತೀಯ ದಂಡಸಂಹಿತೆಯ 312ನೆಯ ಕಲಮು ಗರ್ಭಪಾತವನ್ನು ಅಪರಾಧವೆಂದು ಸಾರಿತ್ತು. ತಾಯಿಯ ಜೀವ ಉಳಿಸಲು ಸದ್ಭಾವನೆಯಿಂದ ಮಾಡಿದ್ದೊಂದೇ ಅದಕ್ಕೆ ಅಪವಾದ. ತನ್ನ ಗರ್ಭವನ್ನು ತಾನೇ ಕಳೆದುಕೊಂಡ ಹೆಣ್ಣೂ ಶಿಕ್ಷೆಗೆ ಗುರಿಯಾಗುತ್ತಿದ್ದಳು. ಹೀಗಾಗಿ ಬಸಿರಿಳಿಸುವ ಕೆಲಸ ಕತ್ತಲ ಕೋಣೆಗಳಲ್ಲಿ ನಡೆಯಿತು. ಎಷ್ಟೋ ಹೆಂಗಸರು ಅಲ್ಲಿಯೇ ಪ್ರಾಣಬಿಟ್ಟರು. ಈ ಸಾವುಗಳನ್ನು ಮನಗಂಡು ಕೇಂದ್ರ ಸರ್ಕಾರ 1964ರಲ್ಲಿ ಮಹಾರಾಷ್ಟ್ರದ ಸಚಿವರಾಗಿದ್ದ ಶಾಂತಿಲಾಲ್ ಶಾಹ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1966ರ ಕೊನೆಯಲ್ಲಿ ಅದರ ವರದಿ ಬಂದಿತು. 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಅಂಗೀಕಾರವಾಗಿ, 1972ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 12 ವಾರಗಳವರೆಗೆ ಒಬ್ಬ ವೈದ್ಯರ, 20 ವಾರಗಳವರೆಗೆ ಇಬ್ಬರ ಅಭಿಪ್ರಾಯ ಆಗ ಅಗತ್ಯವಾಗಿತ್ತು. ಅದರಾಚೆಗೆ ತಾಯಿಯ ಜೀವಕ್ಕೆ ತತ್‌ಕ್ಷಣದ ಅಪಾಯವಿದ್ದರೆ ಮಾತ್ರ ಅವಕಾಶವಿತ್ತು.

ಈ ಕಾಯ್ದೆ ಅನುಮತಿಗೆ ಎರಡು ಬಗೆಯ ಆಧಾರಗಳನ್ನು ಹೇಳಿತು. ಒಂದು, ತಾಯಿಯ ದೇಹ ಹಾಗೂ ಮನಸ್ಸಿನ ಆರೋಗ್ಯಕ್ಕೆ ಧಕ್ಕೆ. ಇನ್ನೊಂದು, ಹುಟ್ಟುವ ಮಗು ಗಂಭೀರ ಅಂಗವೈಕಲ್ಯಕ್ಕೆ ಒಳಗಾಗುವ ಗಣನೀಯ ಸಂಭವ. ಮೊದಲನೆಯದು ಹೊರುವವಳ ಸ್ಥಿತಿಯನ್ನು ಕುರಿತದ್ದು; ಎರಡನೆಯದು ಇನ್ನೂ ಬಾರದ ಬದುಕಿನ ಗುಣಮಟ್ಟವನ್ನು ಅಳೆಯುವಂಥದು. ಗಂಭೀರ ಎಂದರೆ ಎಷ್ಟು ಎಂಬುದನ್ನು ಕಾಯ್ದೆ ಬಿಡಿಸಿ ಹೇಳಲಿಲ್ಲ. ಎರಡು ಬೇರೆ ಪ್ರಶ್ನೆಗಳು ಒಂದೇ ಕಲಮಿನೊಳಗೆ ಸೇರಿದುದರಿಂದ ಮುಂದಿನ ಐವತ್ತು ವರ್ಷಗಳ ಗೊಂದಲಕ್ಕೆ ಅಲ್ಲಿಯೇ ಬೀಜ ಬಿದ್ದಿತೆಂದು ನಮಗೆ ತೋರುತ್ತದೆ.

ಬದುಕನ್ನು ಹೊರಗಿನಿಂದ ಅಳೆಯುವ ಕೋಲು ಎಲ್ಲಿಯವರೆಗೆ ಚಾಚಬಲ್ಲದೆಂಬುದನ್ನು ನಮ್ಮ ಸಮಾಜವೇ ತೋರಿಸಿಕೊಟ್ಟಿತು. ಭ್ರೂಣದ ದೋಷ ಪತ್ತೆಗೆಂದು 1970ರ ದಶಕದಲ್ಲಿ ಬಂದ ಗರ್ಭಜಲ ಪರೀಕ್ಷೆ ಬಹುಬೇಗ ಹೆಣ್ಣುಭ್ರೂಣ ಪತ್ತೆಯ ಸಾಧನವಾಯಿತು. ವರದಕ್ಷಿಣೆಯ ಲೆಕ್ಕ ಹಾಕಿ, ಹೆಣ್ಣಾಗಿ ಹುಟ್ಟಿ ಪಡುವ ಪಾಡಿಗಿಂತ ಹುಟ್ಟದಿರುವುದೇ ಲೇಸು ಎಂದವರಿದ್ದರು. ಮಹಾರಾಷ್ಟ್ರ 1988ರಲ್ಲಿಯೂ ಕೇಂದ್ರ 1994ರಲ್ಲಿಯೂ ಇದನ್ನು ತಡೆಯಲು ಕಾನೂನು ತರಬೇಕಾಯಿತು. ಅದೇ 1994ರ ಫೆಬ್ರವರಿಯಲ್ಲಿ, ಶಿರೂರಿನ ಸರ್ಕಾರಿ ಆಶ್ರಯಧಾಮದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳನ್ನು ಪುಣೆಯ ಸಸೂನ್ ಆಸ್ಪತ್ರೆಗೆ ಕರೆತಂದು ಗರ್ಭಕೋಶ ತೆಗೆಯಲಾಯಿತು. ಮುಟ್ಟಿನ ದಿನಗಳ ಶುಚಿತ್ವ ಅವರಿಂದಾಗದು ಎಂಬುದು ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು ಎದ್ದುನಿಂತವು, ಶಸ್ತ್ರಚಿಕಿತ್ಸೆ ನಿಂತಿತು. ಆದರೆ ಅದಾಗಲೇ ಕೆಲವರ ದೇಹದ ಮೇಲೆ, ಅವರನ್ನು ಕೇಳದೆಯೇ, ನಿರ್ಣಯ ನಡೆದುಹೋಗಿತ್ತು.

ಇನ್ನು ಆ ಮೂರು ತೀರ್ಪುಗಳು. ಮೊದಲನೆಯದು ಮುಂಬೈಯದೇ. 2008ರಲ್ಲಿ ಈ ನಗರದ ಉಪನಗರವೊಂದರ ದಂಪತಿ, ತಮ್ಮ ವೈದ್ಯರಾದ ಡಾ. ನಿಖಿಲ್ ದಾತಾರ್ ಅವರೊಡನೆ ಉಚ್ಚ ನ್ಯಾಯಾಲಯಕ್ಕೆ ಹೋದರು. ಗರ್ಭಸ್ಥ ಶಿಶುವಿನ ಹೃದಯದ ಮಿಡಿತ ಸಾಗುವ ಮಾರ್ಗದಲ್ಲಿಯೇ ತಡೆಯಿತ್ತು. ಹುಟ್ಟಿದೊಡನೆ ಪೇಸ್‌ಮೇಕರ್ ಅಳವಡಿಸಬೇಕಾಗಬಹುದೆಂದು ವೈದ್ಯರು ಹೇಳಿದ್ದರು. ಅಷ್ಟರಲ್ಲಿ 20 ವಾರಗಳ ಗಡಿ ದಾಟಿತ್ತು. ಜೆ.ಜೆ. ಆಸ್ಪತ್ರೆಯ ವೈದ್ಯರ ಸಮಿತಿಯ ಅಭಿಪ್ರಾಯ ಪಡೆದ ನ್ಯಾಯಾಲಯ, ಮಗು ಗಂಭೀರ ವಿಕಲತೆಯೊಂದಿಗೆ ಹುಟ್ಟುವುದೆಂದು ಖಚಿತವಾಗಿ ಹೇಳಲಾಗದು ಎಂದು ಆಗಸ್ಟ್ 4ರಂದು ಅರ್ಜಿಯನ್ನು ತಳ್ಳಿಹಾಕಿತು. ಕೆಲವೇ ದಿನಗಳಲ್ಲಿ ಆ ತಾಯಿಗೆ ತಾನಾಗಿಯೇ ಗರ್ಭಪಾತವಾಯಿತು. ಆ ದಿನಗಳಲ್ಲಿ ಪತ್ರಿಕೆಗಳಲ್ಲಿಯೂ ಲೋಕಲ್ ರೈಲಿನ ಡಬ್ಬಿಗಳಲ್ಲಿಯೂ ನಡೆದ ವಾದವೆಲ್ಲ ಪೇಸ್‌ಮೇಕರ್ ಇಟ್ಟುಕೊಂಡು ಬಾಳುವುದು ಬಾಳೇ ಎಂಬುದರ ಸುತ್ತಲೇ ಇತ್ತು. ಪೇಸ್‌ಮೇಕರ್ ಹೊತ್ತು ನೆಮ್ಮದಿಯಾಗಿ ಬಾಳುವವರು ಎಷ್ಟೋ ಮಂದಿ ಇದ್ದಾರೆ. ಅವರ ಬದುಕನ್ನು ಕೀಳೆಂದು ಸಾಧಿಸದಿದ್ದರೆ ತಾಯಿಗೆ ಅನುಮತಿಯಿಲ್ಲ ಎಂಬ ಇಕ್ಕಟ್ಟನ್ನು ಆಕೆಗೆ ಒಡ್ಡಿದ್ದು ಕಾನೂನಿನ ಭಾಷೆ.

ಎರಡನೆಯದು 2009ರ ಚಂಡೀಗಢದ ಪ್ರಕರಣ. ಸರ್ಕಾರಿ ಆಶ್ರಯಧಾಮದಲ್ಲಿದ್ದ ಅನಾಥ ಯುವತಿ, ಸ್ವಲ್ಪ ಮಟ್ಟಿನ ಬುದ್ಧಿಮಾಂದ್ಯವುಳ್ಳವಳು, ಅತ್ಯಾಚಾರಕ್ಕೆ ಒಳಗಾಗಿ ಗರ್ಭಿಣಿಯಾದಳು. ಅವಳ ಹಿತಕ್ಕಾಗಿಯೇ ಎಂದು ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ ಗರ್ಭಪಾತಕ್ಕೆ ಆದೇಶಿಸಿತು. ಆದರೆ ಅವಳಿಗೆ ಮಗು ಬೇಕಾಗಿತ್ತು. ಸರ್ವೋಚ್ಚ ನ್ಯಾಯಾಲಯ ಜುಲೈಯಲ್ಲಿ ಆ ಆದೇಶವನ್ನು ತಡೆದು, ಆಗಸ್ಟ್ 28ರಂದು ವಿವರವಾದ ಕಾರಣಗಳನ್ನು ಕೊಟ್ಟಿತು. ವಯಸ್ಕಳಾದ ಹೆಣ್ಣಿನ ಸಮ್ಮತಿಯಿಲ್ಲದೆ ಗರ್ಭ ತೆಗೆಯಲಾಗದು. ಹೆರುವ ಅಥವಾ ಹೆರದಿರುವ ಆಯ್ಕೆ ಸಂವಿಧಾನದ 21ನೆಯ ಅನುಚ್ಛೇದ ಕೊಟ್ಟ ಸ್ವಾತಂತ್ರ್ಯದ ಭಾಗ ಎಂದಿತು. ಬುದ್ಧಿಮಾಂದ್ಯರು ಹೆರಬಾರದೆಂದು ಬಲವಂತದ ಸಂತಾನಹರಣ ಚಿಕಿತ್ಸೆಗೆ ನೆಪವಾಗಿದ್ದ ವಂಶಶುದ್ಧಿಯ ಸಿದ್ಧಾಂತವನ್ನು ಹೆಸರಿಸಿ ತಿರಸ್ಕರಿಸಿತು. ಹದಿನೈದು ವರ್ಷಗಳ ಹಿಂದೆ ಸಸೂನಿನಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಇಲ್ಲಿ ಕೇಳಲಾಯಿತು: ನಿನಗೇನು ಬೇಕು?

ಮೂರನೆಯದು ನಮ್ಮ ಅರುಣಾ ಅವರದು. ಅವರ ಕಥೆಯನ್ನು ಪುಸ್ತಕವಾಗಿ ಬರೆದಿದ್ದ ಪಿಂಕಿ ವಿರಾನಿ ಅವರು, ಆಹಾರ ನಿಲ್ಲಿಸಿ ಶಾಂತಿಯಿಂದ ಸಾಯಲು ಬಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವನ್ನು ಕೋರಿದ್ದರು. ಅವರ ಕಳಕಳಿಯನ್ನು ನಾವು ಶಂಕಿಸಲಾರೆವು. ನ್ಯಾಯಾಲಯವೂ ಅದನ್ನು ಗೌರವಿಸಿತು. 2011ರ ಮಾರ್ಚ್ 7ರ ತೀರ್ಪು ನಿಷ್ಕ್ರಿಯ ದಯಾಮರಣಕ್ಕೆ ತತ್ತ್ವತಃ ದಾರಿ ತೆರೆಯಿತಾದರೂ ಅರುಣಾ ಅವರ ಮಟ್ಟಿಗೆ ಅರ್ಜಿಯನ್ನು ನಿರಾಕರಿಸಿತು. ಮಾತು ಬಾರದ ಅವರ ಪರವಾಗಿ ನುಡಿಯುವ ಅಧಿಕಾರ ಕೆ.ಇ.ಎಂ. ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದು ಎಂಬುದು ನಿರ್ಣಯದ ತಿರುಳು. ಆ ಅಧಿಕಾರವನ್ನು ಅವರು ಗಳಿಸಿದ್ದು ದುಡಿದು. ತಲೆಮಾರಿನಿಂದ ತಲೆಮಾರಿಗೆ ದಾದಿಯರು ಉಣಿಸಿದರು, ಒರೆಸಿದರು, ಮಗ್ಗುಲು ಹೊರಳಿಸಿದರು. ಅಷ್ಟು ವರ್ಷ ಹಾಸಿಗೆ ಹಿಡಿದ ದೇಹಕ್ಕೆ ಒಂದು ಹಾಸಿಗೆಹುಣ್ಣೂ ಆಗಿರಲಿಲ್ಲ. 1980ರ ದಶಕದಲ್ಲಿ ಹಾಸಿಗೆ ತೆರವು ಮಾಡಿಸಲು ಪಾಲಿಕೆ ಯತ್ನಿಸಿದಾಗ ಪ್ರತಿಭಟಿಸಿ ತಡೆದವರೂ ಅವರೇ.

ಈ ಮೂರನ್ನೂ ಜೊತೆಯಲ್ಲಿಟ್ಟಾಗ ಒಂದು ಸಂಗತಿ ಎದ್ದುಕಾಣುತ್ತದೆ. ಕೊನೆಯ ಎರಡರಲ್ಲಿ ನ್ಯಾಯಾಲಯ ಹೊತ್ತವರ ಮಾತನ್ನು ಕೇಳಿತು: ಒಬ್ಬಳು ಗರ್ಭವನ್ನು ಹೊತ್ತವಳು, ಇನ್ನೊಂದೆಡೆ ರೋಗಿಯನ್ನು ಹೊತ್ತವರು. ಮೊದಲನೆಯದರಲ್ಲಿ ಮಾತ್ರ ಹೊತ್ತವಳ ಮಾತು ಭ್ರೂಣದ ದೋಷ ಎಷ್ಟು ಎಂಬ ಲೆಕ್ಕದಲ್ಲಿ ಮುಳುಗಿಹೋಯಿತು.

ಇಲ್ಲಿ ಎದುರುವಾದವೊಂದಿದೆ, ಅದು ಹಗುರವಾದುದಲ್ಲ. ಕೆ.ಇ.ಎಂ. ದಾದಿಯರೇ ಸಾಕ್ಷಿ, ಎಂಥ ಕಷ್ಟದ ಬದುಕೂ ಕಾಪಾಡಲು ಯೋಗ್ಯ. ಹಾಗಿರುವಾಗ ಗರ್ಭದಲ್ಲಿರುವುದನ್ನು ಬಿಡುವುದೇಕೆ ಎಂದು ಕೇಳುವವರಿದ್ದಾರೆ. ಅವರ ಮಾತಿನ ಮೊದಲರ್ಧವನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವೆ. ಅಂಥ ಬದುಕು ನಿರರ್ಥಕವೆಂದು ಹೇಳುವ ಎದೆಗಾರಿಕೆ ಆ ವಾರ್ಡನ್ನು ಕಂಡವರಿಗೆ ಬಾರದು. ಆದರೆ ದಾದಿಯರು ಹೊತ್ತದ್ದು ತಾವಾಗಿ, ಸರದಿಯ ಮೇಲೆ, ಸಂಬಳ ಮತ್ತು ಸಂಸ್ಥೆಯ ಆಸರೆಯೊಂದಿಗೆ. ತಾಯಿಗೆ ಸರದಿಯೂ ಇಲ್ಲ, ಆಸರೆಯೂ ಇಲ್ಲ. ಅವರ ಔದಾರ್ಯದಿಂದ ಅವಳ ಮೇಲಿನ ಬಲವಂತಕ್ಕೆ ಪ್ರಮಾಣ ದೊರೆಯದು.

ಆ ಬಳಿಕ ಕಾನೂನು ಎರಡು ದಿಕ್ಕಿಗೂ ಹೆಜ್ಜೆಯಿಟ್ಟಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ವಿಕಲಚೇತನ ಹೆಣ್ಣಿನ ಸಮ್ಮತಿಯಿಲ್ಲದೆ ಗರ್ಭಪಾತ ಮಾಡುವುದನ್ನು, ತೀವ್ರ ವೈಕಲ್ಯದ ಕೆಲವು ಸಂದರ್ಭಗಳ ಹೊರತು, ಅಪರಾಧವೆಂದಿತು. 2021ರ ತಿದ್ದುಪಡಿ ಕೆಲವು ವರ್ಗದ ಮಹಿಳೆಯರಿಗೆ ಗಡಿಯನ್ನು 24 ವಾರಗಳಿಗೆ ಏರಿಸಿ, ಭ್ರೂಣದಲ್ಲಿ ಗಣನೀಯ ದೋಷವಿದೆಯೆಂದು ವೈದ್ಯಕೀಯ ಮಂಡಳಿ ಹೇಳಿದರೆ ಗಡಿಯನ್ನೇ ತೆಗೆದುಹಾಕಿತು. 2008ರ ದಂಪತಿಯಂಥವರಿಗೆ ಇದರಿಂದ ದಾರಿಯಾದುದು ನಿಜ. ಆದರೆ 2023ರ ಅಕ್ಟೋಬರಿನಲ್ಲಿ, ಹಿಂದಿನ ಹೆರಿಗೆಯ ನಂತರದ ಮನೋವ್ಯಾಧಿಯಿಂದ ನರಳುತ್ತಿದ್ದ 26 ವಾರಗಳ ಗರ್ಭಿಣಿಯೊಬ್ಬಳಿಗೆ ಸರ್ವೋಚ್ಚ ನ್ಯಾಯಾಲಯ ಅನುಮತಿ ನಿರಾಕರಿಸಿತು. ಭ್ರೂಣದಲ್ಲಿ ದೋಷವಿರಲಿಲ್ಲ, ಅವಳ ಜೀವಕ್ಕೆ ತತ್‌ಕ್ಷಣದ ಅಪಾಯವೂ ಇರಲಿಲ್ಲ. ಭ್ರೂಣ ದೋಷಯುತವಾಗಿದ್ದರೆ ತೆರೆಯುತ್ತಿದ್ದ ಬಾಗಿಲು ತಾಯಿಯ ಸಂಕಟಕ್ಕೆ ತೆರೆಯಲಿಲ್ಲ. ವಿಕಲಚೇತನರಿಗೂ ತಾಯಂದಿರಿಗೂ ಒಟ್ಟಿಗೇ ನೋವು ತರುವ ಇಂಥ ಏರ್ಪಾಟನ್ನು ನ್ಯಾಯವೆಂದು ಕರೆಯಲು ನಮಗೆ ಮನಸ್ಸೊಪ್ಪದು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ನಾವು ನಗುತ್ತ ಬಳಸುತ್ತೇವೆ. ಬದುಕಿನ ಬೆಲೆಯನ್ನು ಕಾಣುವುದು ಹತ್ತಿರದ ಕಣ್ಣು ಎಂಬ ವಿವೇಕವೂ ಅದರಲ್ಲಿದೆ. ಹೆರುವೆನೆಂದವಳಿಗೂ ಹೆರಲಾರೆನೆಂದವಳಿಗೂ ಆ ವಿವೇಕದ ಗೌರವ ಸಲ್ಲಬೇಕು; ಹುಟ್ಟಿದ ಮೇಲೆ ಯಾವ ಬಾಳನ್ನೂ ಅಳತೆಗೋಲಿಗೆ ಒಡ್ಡದೆ, ಹೊರುವ ಕೆಲಸವನ್ನು ಎಲ್ಲರೂ ಹಂಚಿಕೊಳ್ಳಬೇಕು. ಹಳದೀಪುರದ ಹೆಣ್ಣುಮಗಳೊಬ್ಬಳನ್ನು ಬೇರೆಬೇರೆ ಊರು, ಬೇರೆಬೇರೆ ಮಾತಿನ ದಾದಿಯರು 42 ವರ್ಷ ತಮ್ಮವಳೆಂದು ನೋಡಿಕೊಂಡರು. ಪರನಾಡಿನಲ್ಲಿ ನೆಲೆಸಿದ ನಾವು ಆ ಋಣವನ್ನು ನೆನೆದೇ ಈ ಚರ್ಚೆಗೆ ಕೂರಬೇಕು.