ಓಟದ ಮೈದಾನವೂ ಉಬ್ಬಸದ ಚರಿತ್ರೆಯೂ

ಕೊಡಿಗೇಹಳ್ಳಿಯಂಥ ಕಡೆಯ ಶಾಲೆಗಳಲ್ಲಿ ಪಿ.ಟಿ. ಪೀರಿಯಡ್ ನಡೆಯುವಾಗ ಉಬ್ಬಸವಿರುವ ಒಬ್ಬಿಬ್ಬರು ನೆರಳಿನಲ್ಲಿ ಕುಳಿತಿರುವುದನ್ನು ನೀವು ಕಂಡಿರಬಹುದು. ಇಂಥವರ ಸಂಖ್ಯೆ ಸಣ್ಣದಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ, 1979ರಲ್ಲಿ ಶೇಕಡಾ 9ರಷ್ಟಿದ್ದ ಅಸ್ತಮಾ 1999ರ ವೇಳೆಗೆ 29.5ಕ್ಕೆ ಏರಿತ್ತು. ವಾಹನ ಸಂಚಾರ ಹೆಚ್ಚಿರುವ ಕಡೆಯ ಶಾಲೆಗಳಲ್ಲಿ ಈ ಬಾಧೆ ಹೆಚ್ಚೆಂಬುದೂ ಅವರಿಗೆ ಕಂಡುಬಂತು.

ಓಡಿದರೆ ಉಬ್ಬಸ ಏಳುತ್ತದೆಂಬುದನ್ನು ಪ್ರಾಚೀನ ಗ್ರೀಕ್ ವೈದ್ಯ ಅರೆಟೀಯಸ್ ಆಗಲೇ ಬರೆದಿಟ್ಟಿದ್ದ. ಓಡುವಾಗ ಬಾಯಿಯಿಂದ ರಭಸವಾಗಿ ಒಳಹೋಗುವ ಒಣಗಾಳಿ ಶ್ವಾಸನಾಳಗಳ ತೇವವನ್ನು ಹೀರುತ್ತದೆ, ನಾಳಗಳು ಬಿಗಿಯುತ್ತವೆ. ಹೀಗಾಗಿ ‘ಆಟ ಬೇಡ’ ಎನ್ನುವುದೇ ಬಹುಕಾಲ ಹಿರಿಯರ ಚಿಕಿತ್ಸೆಯಾಗಿತ್ತು.

1955ರಲ್ಲಿ ಅಮೆರಿಕದ ರೈಕರ್ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಹದಿಮೂರರ ಮಗಳು, ‘ಕೂದಲಿಗೆ ಹಾಕುವ ಸ್ಪ್ರೇಯಂತೆ ನನ್ನ ಉಬ್ಬಸದ ಔಷಧಿಯೂ ಡಬ್ಬಿಯಲ್ಲಿ ಬರಬಾರದೇ?’ ಎಂದು ಕೇಳಿದಳಂತೆ. ಮರುವರ್ಷವೇ ಇನ್‌ಹೇಲರ್ ಮಾರುಕಟ್ಟೆಗೆ ಬಂತು. ವಿದ್ವಾಂಸರ ಸಮಿತಿಗೆ ಹೊಳೆಯದ ಪ್ರಶ್ನೆ ಅದು! 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹೋದ 597 ಅಮೆರಿಕನ್ ಕ್ರೀಡಾಪಟುಗಳಲ್ಲಿ 67 ಮಂದಿಗೆ ವ್ಯಾಯಾಮದಿಂದ ಉಬ್ಬಸ ಏಳುತ್ತಿತ್ತು. ಅವರೇ 41 ಪದಕ ಗೆದ್ದರು.

ಆದ್ದರಿಂದ ಗೆಳೆಯನನ್ನು ಆಟದಿಂದ ಹೊರಗಿಡಬೇಡಿ. ಮೊದಲು ನಿಧಾನವಾಗಿ ಮೈ ಬಿಸಿಯಾಗಲಿ. ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಅವನ ಜೇಬಿನಲ್ಲಿರಲಿ, ಬೀಗ ಹಾಕಿದ ಬೀರುವಿನಲ್ಲಲ್ಲ. ಉಬ್ಬಸ ಎದ್ದರೆ ಓಟ ನಿಲ್ಲಿಸಿ, ನೆಟ್ಟಗೆ ಕೂರಿಸಿ, ಅವನದೇ ಔಷಧಿ ಕೊಡಿಸಿ, ಮಾಸ್ತರನ್ನು ಕರೆಯಿರಿ. ಒಬ್ಬನನ್ನೇ ಬಿಟ್ಟು ಹೋಗಬೇಡಿ. ತಗ್ಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.